ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಸಿಬಿಸಿ ವರದಿಯಲ್ಲಿ ಕಣಿ ಕೇಳಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮುಟ್ಟು ತಪ್ಪಿ ಹತ್ತು ದಿನವಾಗಿರುವುದಿಲ್ಲ, ಲ್ಯಾಬ್ ಕೌಂಟರಿನ ಮುಂದೆ ಪ್ರಶ್ನೆ ಬರುತ್ತದೆ: ‘ಈ ಸಲನಾದ್ರೂ ನಿಲ್ತದಾ ಅಂತ ಬ್ಲಡ್ ಟೆಸ್ಟ್‌ನಲ್ಲೇ ಗೊತ್ತಾಯ್ತದಂತಲ್ಲ, ಅದ ಮಾಡ್ಕೊಡಿ.’ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಸಾಮಾನ್ಯ ರಕ್ತಪರೀಕ್ಷೆಯ ಅಂಕಿಗಳನ್ನು ಕಂಪ್ಯೂಟರಿಗೆ ಊಡಿಸಿ ಗರ್ಭಪಾತವನ್ನು ಮುಂಚೆಯೇ ಊಹಿಸುವ ಪ್ರಯತ್ನಗಳ ಬಗ್ಗೆ ಸಂಶೋಧನಾ ಬರಹಗಳು ಬರುತ್ತಿವೆ. ಅವು ವಾಟ್ಸ್‌ಆ್ಯಪ್ ಹತ್ತಿ ಕೆ.ಆರ್. ಪೇಟೆ, ಮಳವಳ್ಳಿ ತಲುಪುವಷ್ಟರಲ್ಲಿ ‘ಊಹಿಸಬಹುದೇನೋ’ ಎಂಬುದು ‘ಗೊತ್ತಾಗುತ್ತದೆ’ ಎಂದಾಗಿರುತ್ತದೆ. ಮೈಸೂರು, ಮಂಡ್ಯದ ಬಸುರಿಯರ ರಕ್ತದ ಟ್ಯೂಬು ದಿನಾ ಕೈಯಲ್ಲಿ ಹಿಡಿಯುವವರೂ ಅವರ ವರದಿ ಓದುವವರೂ ಸೇರಿ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ. ಗರ್ಭ ಖಚಿತವಾದ ನೂರು ಹೆಂಗಸರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಅದು ನಿಲ್ಲುವುದಿಲ್ಲ. ಹೆಚ್ಚಿನವು ಮೊದಲ 12 ವಾರದೊಳಗೇ ಹೋಗುತ್ತವೆ. 15 ಎಂದೇ ಇಟ್ಟುಕೊಳ್ಳೋಣ. ಒಂದು ಪರೀಕ್ಷೆ ಇದೆ, ಹೋಗುವ ಗರ್ಭಗಳಲ್ಲಿ ನೂರಕ್ಕೆ 80ನ್ನು ಹಿಡಿಯುತ್ತದೆ, ಉಳಿಯುವ ಗರ್ಭಗಳಲ್ಲಿ ನೂರಕ್ಕೆ 80ನ್ನು ‘ಸರಿಯಿದೆ’ ಎನ್ನುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಸಾವಿರ ಬಸುರಿಯರಿಗೆ ಇದನ್ನು ಮಾಡಿದರೆ, ಕಳೆದುಕೊಳ್ಳಲಿರುವ 150 ಮಂದಿಯಲ್ಲಿ 120 ಮಂದಿಯನ್ನು ಹಿಡಿದು 30 ಮಂದಿಯನ್ನು ಬಿಡುತ್ತದೆ. ಉಳಿದ 850 ಮಂದಿಯಲ್ಲಿ 170 ಮಂದಿಗೆ ಸುಮ್ಮಸುಮ್ಮನೆ ಕೆಂಪು ಗುರುತು ಹಾಕುತ್ತದೆ. ಅಂದರೆ ಕೆಂಪು ಗುರುತಿನ ವರದಿ ಹಿಡಿದು ಮನೆಗೆ ಹೋದ 290 ಮಂದಿಯಲ್ಲಿ 170 ಮಂದಿಯ ಗರ್ಭಕ್ಕೆ ಏನೂ ಆಗಿರುವುದಿಲ್ಲ. ಆ ಮನೆಗಳಲ್ಲಿ ಅವತ್ತಿಂದ ಏನು ನಡೆಯುತ್ತದೆ ಎಂಬುದು ಓದುಗರಿಗೆ ಹೇಳಬೇಕಾಗಿಲ್ಲ. ಪರಂಗಿ ಹಣ್ಣು ತಿಂದೆಯಾ, ಸ್ಕೂಟರಿನಲ್ಲಿ ಹೋದೆಯಾ, ಕೊಡ ಎತ್ತಿದೆಯಾ ಎಂಬ ವಿಚಾರಣೆ ಶುರುವಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭ್ರೂಣದ ಕ್ರೋಮೋಸೋಮ್ ಎಣಿಕೆಯಲ್ಲಿ ಆದ ತಪ್ಪಿನಿಂದ ಹೋಗುತ್ತವೆ. ಆ ತಪ್ಪು ಬಹುಪಾಲು ಅಂಡಾಣು ರೂಪುಗೊಳ್ಳುವ ಹೊತ್ತಿಗೇ ಆಗಿಹೋಗಿರುತ್ತದೆ. ಕೊಡಕ್ಕೂ ಅದಕ್ಕೂ ಸಂಬಂಧವಿಲ್ಲ, ತಾಯಿಯ ಬಿಳಿ ರಕ್ತಕಣದ ಎಣಿಕೆಯಲ್ಲೂ ಅದು ಕಾಣುವುದಿಲ್ಲ.

ಈಗ ಸಿಬಿಸಿಯ ವಿಷಯ. ಸಂಶೋಧಕರು ಹೆಚ್ಚಾಗಿ ನೋಡುವುದು ನಾಲ್ಕು ಅಂಕಿ: ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್‌ಗಳ ಅನುಪಾತ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮತ್ತು ಲಿಂಫೊಸೈಟ್‌ಗಳ ಅನುಪಾತ, ಎಂಪಿವಿ ಎನ್ನುವ ಪ್ಲೇಟ್‌ಲೆಟ್ ಗಾತ್ರ, ಆರ್‌ಡಿಡಬ್ಲ್ಯು ಎನ್ನುವ ಕೆಂಪುಕಣಗಳ ಗಾತ್ರದ ಏರುಪೇರು. ಗರ್ಭಕೋಶದಲ್ಲಿ ಉರಿಯೂತ ಹೆಚ್ಚಾದರೆ ಅದರ ನೆರಳು ರಕ್ತದಲ್ಲಿ ಬೀಳುತ್ತದೆ ಎಂಬುದು ಆಲೋಚನೆ. ಆಲೋಚನೆಯೇನೂ ತಪ್ಪಲ್ಲ. ಆದರೆ ನೆರಳು ಯಾವುದರದ್ದು ಎಂದು ಹೇಳುವುದು ಕಷ್ಟ. ನ್ಯೂಟ್ರೊಫಿಲ್ ಶೇ 72, ಲಿಂಫೊಸೈಟ್ ಶೇ 20 ಇದ್ದರೆ ಅನುಪಾತ 3.6. ಬಸಿರಾದಾಗ ನ್ಯೂಟ್ರೊಫಿಲ್ ತಾನಾಗಿಯೇ ಏರುತ್ತದೆ. ಅದರ ಮೇಲೆ ಮೂತ್ರದ ಸೋಂಕು, ನೆಗಡಿ, ಸ್ಟೀರಾಯ್ಡ್ ಮಾತ್ರೆ, ನಾಲ್ಕು ದಿನದ ವಾಂತಿ, ಅಷ್ಟೇ ಏಕೆ, ಬಸ್‌ ಸ್ಟ್ಯಾಂಡಿನಿಂದ ಓಡೋಡಿ ಬಂದು ಕುರ್ಚಿಯಲ್ಲಿ ಕುಳಿತ ಐದು ನಿಮಿಷಕ್ಕೆ ರಕ್ತ ಕೊಟ್ಟರೂ ಅದು ಇನ್ನಷ್ಟು ಏರುತ್ತದೆ. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಹಳೇ ಕಡತ ತೆಗೆದು ಮಾಡಿದವು. ರಕ್ತಸ್ರಾವ ಶುರುವಾದ ಮೇಲೆ ಆಸ್ಪತ್ರೆಗೆ ಬಂದವರ ರಕ್ತವನ್ನು, ಏನೂ ತೊಂದರೆಯಿಲ್ಲದೆ ತಪಾಸಣೆಗೆ ಬಂದವರ ರಕ್ತದ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣದೆ ಇನ್ನೇನು? ಅಲ್ಲಿ ಹೊಗೆ ಕಂಡದ್ದು ಬೆಂಕಿ ಹತ್ತಿದ ಮೇಲೆ. ಇನ್ನು ಒಂದು ಆಸ್ಪತ್ರೆಯ ಕಡತ ಎಳೆದ ಗೆರೆ ಇನ್ನೊಂದು ಆಸ್ಪತ್ರೆಗೆ ಹೊಂದುವುದಿಲ್ಲ. ಒಂದೊಂದು ಅಧ್ಯಯನಕ್ಕೆ ಒಂದೊಂದು ಗೆರೆ.

ನಮ್ಮ ಜಿಲ್ಲೆಗಳಿಗೆ ಬಂದರೆ ಇನ್ನೊಂದು ತೊಡಕಿದೆ. ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ಸಮೀಪ ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಕಬ್ಬಿಣದ ಕೊರತೆ ಇದ್ದರೆ ಆರ್‌ಡಿಡಬ್ಲ್ಯು ಏರಿಯೇ ಇರುತ್ತದೆ. ಹೀಗಿರುವಾಗ ಆರ್‌ಡಿಡಬ್ಲ್ಯು ನೋಡಿ ಗರ್ಭಪಾತ ಊಹಿಸುವ ಯಂತ್ರ ನಮ್ಮಲ್ಲಿ ಊಹಿಸುವುದು ರಕ್ತಹೀನತೆಯನ್ನು. ಎಂಪಿವಿಯ ಕಥೆ ಇದಕ್ಕಿಂತ ನಗೆಪಾಟಲು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಬಿದ್ದ ಗಳಿಗೆಯಿಂದ ಪ್ಲೇಟ್‌ಲೆಟ್‌ಗಳು ಊದಲು ಶುರುಮಾಡುತ್ತವೆ. ನಾಗಮಂಗಲದ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ 8ಕ್ಕೆ ತೆಗೆದ ರಕ್ತ ಡಬ್ಬಿಯಲ್ಲಿ ಕೂತು, ಮಧ್ಯಾಹ್ನದ ಬೈಕಿನಲ್ಲಿ ಮೈಸೂರು ಸೇರಿ, 4 ಗಂಟೆಗೆ ಯಂತ್ರಕ್ಕೆ ಹೋದರೆ ಅಲ್ಲಿ ಅಳೆದದ್ದು ಅರ್ಧ ಪ್ಲೇಟ್‌ಲೆಟ್ಟನ್ನು, ಅರ್ಧ ಪ್ರಯಾಣವನ್ನು. ಅದೇ ಹೆಂಗಸು ಮೈಸೂರಿನಲ್ಲೇ ರಕ್ತ ಕೊಟ್ಟಿದ್ದರೆ ಅಂಕಿ ಬೇರೆಯೇ ಬರುತ್ತಿತ್ತು.

ಹಾಗಾದರೆ ರಕ್ತ ಏನೂ ಹೇಳುವುದಿಲ್ಲವೇ? ಹೇಳುತ್ತದೆ. ಕೇಳುವ ಕ್ರಮ ಬೇರೆ.

ಬಸಿರಿನ ಹಾರ್ಮೋನಾದ ಬೀಟಾ ಎಚ್‌ಸಿಜಿ ಒಂದೇ ಸಲ ಮಾಡಿಸಿದರೆ ‘ಬಸಿರು ಹೌದು’ ಎನ್ನುವುದಕ್ಕಿಂತ ಹೆಚ್ಚು ಅರ್ಥವಿಲ್ಲ. ಆರನೇ ವಾರದ ಸಹಜ ವ್ಯಾಪ್ತಿ ಎಂದು ವರದಿಯ ಬಲಗಡೆ ಅಚ್ಚಾಗಿರುತ್ತದಲ್ಲ, ಅದು ನೂರಾರರಿಂದ ಹತ್ತಾರು ಸಾವಿರದವರೆಗೆ ಹರಡಿರುತ್ತದೆ. ಅದನ್ನು ನೋಡಿ ಸಮಾಧಾನವನ್ನೂ ಪಡಬಾರದು, ಗಾಬರಿಯನ್ನೂ ಬೀಳಬಾರದು. ಮೇಲಾಗಿ ‘ಆರನೇ ವಾರ’ ಎಂಬುದೇ ಎಷ್ಟು ಖಚಿತ? ಕೊನೆಯ ಮುಟ್ಟು ಯಾವಾಗ ಎಂದರೆ ‘ಗೌರಿ ಹಬ್ಬದ ಆಚೆ ಈಚೆ’ ಎಂಬ ಉತ್ತರ ಬರುತ್ತದೆ. ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇದ್ದು ಮುಟ್ಟು 40–45 ದಿನಕ್ಕೆ ಬರುವವರಲ್ಲಿ ಅಂಡ ಬಿಡುಗಡೆಯಾದದ್ದೇ ಹತ್ತು ದಿನ ತಡವಾಗಿರುತ್ತದೆ. ಆಗ ಲೆಕ್ಕದಲ್ಲಿ ಆರು ವಾರ, ಗರ್ಭಕ್ಕೆ ನಾಲ್ಕೂವರೆ. ಅಂಕಿ ಕಡಿಮೆ ಬಂದದ್ದು ತಾರೀಖಿನ ತಪ್ಪಿಗೆ.

ಅದಕ್ಕೇ ಎರಡು ಸಲ, 48 ಗಂಟೆ ಬಿಟ್ಟು, ಅದೇ ಲ್ಯಾಬಿನಲ್ಲಿ ಮಾಡಿಸಬೇಕು. ಲ್ಯಾಬ್ ಬದಲಾದರೆ ಕಿಟ್ ಬದಲಾಗುತ್ತದೆ, ಅದೇ ರಕ್ತಕ್ಕೆ ಬೇರೆ ಅಂಕಿ ಬರುತ್ತದೆ. ಎರಡು ದಿನಕ್ಕೆ ಎರಡರಷ್ಟು ಆಗಲೇಬೇಕು ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. ಅದರಿಂದ ಬಹಳ ಮಂದಿ ಅನ್ಯಾಯವಾಗಿ ಅತ್ತಿದ್ದಾರೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ಕೊಟ್ಟ ಗೆರೆ ಹೀಗಿದೆ: ಮೊದಲ ಅಂಕಿ 1,500ಕ್ಕಿಂತ ಕೆಳಗಿದ್ದರೆ 48 ಗಂಟೆಯಲ್ಲಿ ಕನಿಷ್ಠ ಶೇ 49 ಏರಬೇಕು, 1,500ರಿಂದ 3,000ದ ನಡುವೆ ಇದ್ದರೆ ಶೇ 40, 3,000 ದಾಟಿದ್ದರೆ ಶೇ 33. ಸೋಮವಾರ ಬೆಳಿಗ್ಗೆ 420, ಬುಧವಾರ ಅದೇ ಹೊತ್ತಿಗೆ 640 ಎಂದಿಟ್ಟುಕೊಳ್ಳಿ. ಏರಿದ್ದು 220, ಅಂದರೆ ಶೇ 52. ಎರಡರಷ್ಟಾಗಲಿಲ್ಲ, ಆದರೂ ಗೆರೆಯ ಮೇಲಿದೆ. 2,400 ಇದ್ದದ್ದು 3,300 ಆದರೆ ಏರಿಕೆ ಶೇ 37.5. ಅಂಕಿ ದೊಡ್ಡದಾಗಿ ಕಂಡರೂ ಇದು ಅನುಮಾನದ ಸಾಲಿಗೆ ಸೇರುತ್ತದೆ. ಭಾನುವಾರ ಲ್ಯಾಬ್ ಮುಚ್ಚಿದೆ ಎಂದು 36 ಗಂಟೆಗೇ ರಕ್ತ ಕೊಟ್ಟವರಿಗೆ 48 ಗಂಟೆಯ ಗೆರೆ ಹಾಕುವುದು ಇನ್ನೊಂದು ಮಾಮೂಲಿ ತಪ್ಪು. 36 ಗಂಟೆಗೆ ಶೇ 49ರ ಬದಲು ಶೇ 35 ಸಾಕು. ಆದ್ದರಿಂದ ಚೀಟಿಯ ಮೇಲೆ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ಎಚ್‌ಸಿಜಿ ತನ್ನ ತುದಿ ಮುಟ್ಟಿ ತಾನಾಗಿ ಇಳಿಯತೊಡಗುತ್ತದೆ. ಸ್ಕ್ಯಾನಿನಲ್ಲಿ ಎದೆಬಡಿತ ಕಂಡ ಮೇಲೂ ಎಚ್‌ಸಿಜಿ ಮಾಡಿಸುತ್ತಾ ಹೋಗುವುದು ದುಡ್ಡು ಕೊಟ್ಟು ಭಯ ಕೊಂಡಂತೆ.

ಗೆರೆಗಿಂತ ಕಡಿಮೆ ಏರಿದರೆ ಎರಡು ಸಾಧ್ಯತೆ: ಗರ್ಭ ನಿಲ್ಲುತ್ತಿಲ್ಲ, ಇಲ್ಲವೇ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿದೆ. ಎರಡನೆಯದು ಪ್ರಾಣಕ್ಕೇ ಎರವಾಗುವಂಥದ್ದು. ನಾಳದಲ್ಲಿ ಕೂತ ಗರ್ಭಗಳಲ್ಲಿ ಐದರಲ್ಲೊಂದರಷ್ಟು ಎಚ್‌ಸಿಜಿ ಏರಿಕೆಯಲ್ಲಿ ಸಹಜ ಗರ್ಭದ ಹಾಗೇ ನಟಿಸುತ್ತವೆ. ಒಂದು ಪಕ್ಕಕ್ಕೆ ಹಿಂಡುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು ಇದ್ದರೆ ಎರಡನೇ ರಕ್ತಪರೀಕ್ಷೆಗೆ ಕಾಯದೆ ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು. ಮೈಸೂರಿನವರಿಗೆ ಚೆಲುವಾಂಬ, ಮಂಡ್ಯದವರಿಗೆ ಮಿಮ್ಸ್ ಇವೆ. ವರದಿ ಚೆನ್ನಾಗಿದೆಯಲ್ಲ ಎಂದು ಮನೆಯಲ್ಲಿ ಕೂರಬೇಡಿ.

ಗರ್ಭವನ್ನು ಹಿಡಿದಿಡುವ ಹಾರ್ಮೋನಾದ ಪ್ರೊಜೆಸ್ಟೆರಾನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚು ದುರುಪಯೋಗ ಆಗುತ್ತಿರುವುದು ಇದರದ್ದೇ. ನೋವು ಅಥವಾ ರಕ್ತಸ್ರಾವ ಇದೆ, ಸ್ಕ್ಯಾನಿನಲ್ಲಿ ಇನ್ನೂ ಏನೂ ತಿಳಿಯುತ್ತಿಲ್ಲ, ಅಂಥವರಲ್ಲಿ ಪ್ರೊಜೆಸ್ಟೆರಾನ್ ಮಿ.ಲೀ.ಗೆ 3ರಿಂದ 6 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಆ ಗರ್ಭ ಉಳಿಯುವುದಿಲ್ಲ ಎನ್ನಲು ಬಲವಾದ ಆಧಾರವಿದೆ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಇದು ಸ್ಪಷ್ಟವಾಯಿತು. 20–25 ದಾಟಿದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ. ನಡುವೆ ಬಂದವರಿಗೆ ಅದು ಏನನ್ನೂ ಹೇಳುವುದಿಲ್ಲ. ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಒಂದು, ಮಾನ: ಕೆಲವು ಲ್ಯಾಬುಗಳು ನ್ಯಾನೋಮೋಲ್‌ನಲ್ಲಿ ವರದಿ ಕೊಡುತ್ತವೆ, ಮಿ.ಲೀ.ಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ 3.18 ನ್ಯಾನೋಮೋಲ್. 15 ನ್ಯಾನೋಮೋಲನ್ನು 15 ನ್ಯಾನೋಗ್ರಾಂ ಎಂದು ಓದಿದರೆ 5ಕ್ಕಿಂತ ಕೆಳಗಿರುವ ಅಂಕಿಯನ್ನು ಪರವಾಗಿಲ್ಲ ಎಂದಂತಾಯಿತು. ಎರಡು, ಮಾತ್ರೆ: ಪ್ರೊಜೆಸ್ಟೆರಾನಿನ ಕೃತಕ ರೂಪವಾದ ಡೈಡ್ರೊಜೆಸ್ಟೆರಾನ್ ಮಾತ್ರೆ ನುಂಗುತ್ತಿರುವವರ ರಕ್ತದಲ್ಲಿ ಆ ಔಷಧ ಪ್ರೊಜೆಸ್ಟೆರಾನ್ ಪರೀಕ್ಷೆಗೆ ಕಾಣುವುದೇ ಇಲ್ಲ. ‘ಮಾತ್ರೆ ಕೊಟ್ಟರೂ ಏರಲಿಲ್ಲ’ ಎಂದು ಡೋಸ್ ಹೆಚ್ಚಿಸುವುದಕ್ಕೆ ಅರ್ಥವಿಲ್ಲ. ಮೂರು, ಟ್ಯೂಬು: ಕೆಲವು ಜೆಲ್ ಟ್ಯೂಬುಗಳಲ್ಲಿ ರಕ್ತ ಬಹಳ ಹೊತ್ತು ಕೂತರೆ ಜೆಲ್ಲೇ ಪ್ರೊಜೆಸ್ಟೆರಾನನ್ನು ಹೀರಿಕೊಂಡು ಅಂಕಿ ಇಳಿಸುತ್ತದೆ.

ಕಡಿಮೆ ಬಂದರೆ ‘ಗರ್ಭ ನಿಲ್ಲುವ ಇಂಜೆಕ್ಷನ್’ ಹಾಕಿಸಿದರಾಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬಹಳ ಸಲ ಗರ್ಭ ಸೋಲುತ್ತಿರುವುದರಿಂದ ಪ್ರೊಜೆಸ್ಟೆರಾನ್ ಇಳಿದಿರುತ್ತದೆ. ದೀಪ ಆರುತ್ತಿರುವುದು ಬತ್ತಿ ಸುಟ್ಟುಹೋಗಿ, ಎಣ್ಣೆ ಸುರಿದು ಪ್ರಯೋಜನವಿಲ್ಲ. ಬ್ರಿಟನ್ನಿನಲ್ಲಿ ರಕ್ತಸ್ರಾವ ಇದ್ದ 4,153 ಬಸುರಿಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಿಸಂ ಪ್ರಯೋಗದಲ್ಲಿ ಪ್ರೊಜೆಸ್ಟೆರಾನ್ ಪಡೆದವರಲ್ಲಿ ಶೇ 75, ಪಡೆಯದವರಲ್ಲಿ ಶೇ 72 ಮಂದಿಗೆ ಮಗು ಉಳಿಯಿತು. ಒಟ್ಟಾರೆಯಾಗಿ ಇದು ಗಟ್ಟಿ ವ್ಯತ್ಯಾಸ ಅನಿಸಿಕೊಳ್ಳಲಿಲ್ಲ. ಆದರೆ ಈ ಹಿಂದೆ ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡು ಈಗ ರಕ್ತಸ್ರಾವ ಆಗುತ್ತಿದ್ದವರಲ್ಲಿ ಶೇ 72 ಮತ್ತು ಶೇ 57ರ ಅಂತರ ಬಂತು. ಅದನ್ನು ನೋಡಿಯೇ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಹಿಂದೆ ಒಂದಾದರೂ ಗರ್ಭಪಾತವಾಗಿದ್ದು ಈಗ ರಕ್ತ ಕಾಣುತ್ತಿರುವವರಿಗೆ 400 ಮಿ.ಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ದಿನಕ್ಕೆ ಎರಡು ಸಲ ಯೋನಿಯ ಮೂಲಕ, 16 ವಾರದವರೆಗೆ ಎಂದು ಶಿಫಾರಸು ಮಾಡಿತು. ಗಮನಿಸಿ, ಇಲ್ಲಿ ಔಷಧ ಯಾರಿಗೆಂದು ಆರಿಸಿದ್ದು ಹಿಂದಿನ ಇತಿಹಾಸ ಮತ್ತು ಈಗಿನ ರಕ್ತಸ್ರಾವ ನೋಡಿ, ಪ್ರೊಜೆಸ್ಟೆರಾನ್ ಅಂಕಿ ನೋಡಿ ಅಲ್ಲ. ಮೂರು ತಿಂಗಳು ಮಂಚ ಬಿಟ್ಟು ಏಳಬೇಡ ಎನ್ನುವುದಕ್ಕಂತೂ ಆಧಾರವೇ ಇಲ್ಲ.

ನಮ್ಮ ತಕರಾರಿನ ತಿರುಳು ಈಗ ಬರುತ್ತದೆ. ಊಹೆಯ ಅಂಕಿಗಾಗಿ ತಡಕಾಡುವ ಅದೇ ಐದು ಮಿ.ಲೀ. ರಕ್ತದಲ್ಲಿ ಸರಿಪಡಿಸಬಹುದಾದ ಸಂಗತಿಗಳಿರುತ್ತವೆ, ಅವನ್ನು ಯಾರೂ ಓದುವುದಿಲ್ಲ.

ಥೈರಾಯ್ಡ್ ನೋಡಿ. ಟಿಎಸ್‌ಎಚ್ ಎಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಫ್ರೀ ಟಿ4 ಎಂದರೆ ಥೈರಾಯ್ಡ್ ಸುರಿಸುವ ಹಾರ್ಮೋನು. ಟಿಎಸ್‌ಎಚ್ 10 ದಾಟಿದ್ದರೆ, ಅಥವಾ ಟಿಎಸ್‌ಎಚ್ ಏರಿ ಫ್ರೀ ಟಿ4 ಇಳಿದಿದ್ದರೆ ಚಿಕಿತ್ಸೆ ಅದೇ ವಾರ ಶುರುವಾಗಬೇಕು. 2.5 ದಾಟಿದವರಿಗೆಲ್ಲ ಮಾತ್ರೆ ಎಂಬ ಕಾಲವೊಂದಿತ್ತು. 2017ರಲ್ಲಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮೊದಲ ತ್ರೈಮಾಸಿಕದ ಮೇಲ್ಗೆರೆಯನ್ನು 4ರ ಸುತ್ತ ಇಟ್ಟಿತು. ಇದಕ್ಕಿಂತ ದೊಡ್ಡ ತೊಂದರೆ ಅಡುಗೆಮನೆಯಲ್ಲಿದೆ: ಥೈರಾಕ್ಸಿನ್ ಮಾತ್ರೆ, ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಮೂರನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡು ಮೇಲೆ ಒಂದು ಲೋಟ ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನ್ ಅನ್ನು ಕರುಳಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಕಾಫಿಯೂ ಅದು ಹೀರಿಕೊಳ್ಳದಂತೆ ತಡೆಯುತ್ತದೆ. ಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ಕಾಫಿ ಅರ್ಧ–ಮುಕ್ಕಾಲು ಗಂಟೆ ಬಿಟ್ಟು, ಉಳಿದ ಎರಡು ಕನಿಷ್ಠ 4 ಗಂಟೆ ಬಿಟ್ಟು. ಮೊದಲಿಂದಲೂ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದವರಿಗೆ ಬಸಿರು ಖಚಿತವಾದ ಕೂಡಲೇ ಡೋಸ್ ಕಾಲುಭಾಗದಷ್ಟು ಹೆಚ್ಚಬೇಕಾಗುತ್ತದೆ. ವಾರಕ್ಕೆ ಎರಡು ಮಾತ್ರೆ ಹೆಚ್ಚಿಗೆ ಎಂಬುದು ರೂಢಿಯ ಲೆಕ್ಕ. ತಿಂಗಳ ತಪಾಸಣೆಯ ತನಕ ಕಾಯದೆ ವೈದ್ಯರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ಈಗ ಮಂಡ್ಯದಲ್ಲೂ ಕಡಿಮೆಯಿಲ್ಲ. 5–10 ಮಿ.ಗ್ರಾಂ ಬಯೋಟಿನ್ ಕೆಲವು ಯಂತ್ರಗಳ ಅಳತೆಯನ್ನೇ ಕೆಡಿಸುತ್ತದೆ: ಎಚ್‌ಸಿಜಿ ಮತ್ತು ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಪ್ರೊಜೆಸ್ಟೆರಾನ್ ಮತ್ತು ಫ್ರೀ ಟಿ4 ಸುಳ್ಳಾಗಿ ಹೆಚ್ಚು. 2017ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ ವಿಷಯ ಇದು. ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸಿದರೆ ಸಾಕು. ಸೂಜಿ ಚುಚ್ಚುವವರು ಇದೊಂದು ಪ್ರಶ್ನೆ ಕೇಳಬೇಕು, ಕೇಳುವವರು ಕಡಿಮೆ.

ಸಕ್ಕರೆ ಹಿಡಿತದಲ್ಲಿಲ್ಲದೆ ಬಸಿರಾದರೆ ಗರ್ಭಪಾತದ ಅಪಾಯ ನಿಜಕ್ಕೂ ಏರುತ್ತದೆ. ಸರ್ಕಾರದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲೇ 75 ಗ್ರಾಂ ಗ್ಲುಕೋಸ್ ಕುಡಿಸಿ 2 ಗಂಟೆಗೆ ನೋಡಬೇಕು, 140 ಅಥವಾ ಹೆಚ್ಚಿದ್ದರೆ ಚಿಕಿತ್ಸೆ. ಆದರೆ ಆ ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕದೆ ಕೆಂಪು ಮುಚ್ಚಳದ್ದಕ್ಕೆ ಹಾಕಿ ಬೈಕಿಗೆ ಕೊಟ್ಟರೆ, ಕಣಗಳು ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ತಿಂದುಹಾಕುತ್ತವೆ. 150 ಇದ್ದದ್ದು ಎರಡು ಗಂಟೆಯ ದಾರಿಯಲ್ಲಿ 132 ಆಗಿ, ‘ನಾರ್ಮಲ್’ ಎಂದು ತಾಯಿ ಕಾರ್ಡಿನಲ್ಲಿ ಬರೆಯಲಾಗುತ್ತದೆ. ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ) ಒಂದನ್ನೇ ನಂಬುವವರೂ ನೆನಪಿಡಬೇಕು: ಕಬ್ಬಿಣದ ಕೊರತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು.

ಹಿಮೋಗ್ಲೋಬಿನ್ 10 ಇದ್ದ ಮಾತ್ರಕ್ಕೆ ಗರ್ಭ ಹೋಗುವುದಿಲ್ಲ. ಆದರೆ 7 ಇದ್ದವರಿಗೆ ಗರ್ಭಪಾತದ ರಕ್ತಸ್ರಾವ ಆದರೆ ಎಚ್.ಡಿ. ಕೋಟೆಯ ಹಾಡಿಯಿಂದ ಮೈಸೂರು ತಲುಪುವಷ್ಟು ತಾಳಿಕೆ ದೇಹದಲ್ಲಿರುವುದಿಲ್ಲ. ಸಿಬಿಸಿಯಲ್ಲಿ ಮೊದಲು ಓದಬೇಕಾದ ಸಾಲು ಅದು. ರಕ್ತದ ಗುಂಪು ನೆಗೆಟಿವ್ ಇದ್ದರೆ ರಕ್ತಸ್ರಾವವಾದಾಗ ವೈದ್ಯರಿಗೆ ಕೂಡಲೇ ತೋರಿಸಲು ಆ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಳ್ಳಿ.

ಎರಡು–ಮೂರು ಸಲ ಕಳೆದುಕೊಂಡವರ ವಿಷಯ ಬೇರೆ. ಅವರಿಗೆ ಬೇಕಾದದ್ದು ರಕ್ತವನ್ನು ಅತಿಯಾಗಿ ಹೆಪ್ಪುಗಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಆ್ಯಂಟಿಫಾಸ್ಫೋಲಿಪಿಡ್ ಪರೀಕ್ಷೆಗಳು: ಲೂಪಸ್ ಆ್ಯಂಟಿಕೊಯಾಗ್ಯುಲಂಟ್, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ–2 ಗ್ಲೈಕೊಪ್ರೋಟೀನ್. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೊಮ್ಮೆ ಬರಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತೆಗೆದುಕೊಳ್ಳುತ್ತಿರುವಾಗ ಲೂಪಸ್ ಪರೀಕ್ಷೆ ಮಾಡಿದರೆ ಫಲಿತಾಂಶ ಕೆಡುತ್ತದೆ. ಖಚಿತವಾದರೆ ಆಸ್ಪಿರಿನ್ ಮತ್ತು ಹೆಪಾರಿನ್ ಎಂಬ ಚಿಕಿತ್ಸೆ ಇದೆ. ಊಹೆಗೂ ಪರೀಕ್ಷೆಗೂ ಇರುವ ವ್ಯತ್ಯಾಸ ಇದೇ, ಉತ್ತರ ಬಂದ ಮೇಲೆ ಮಾಡಲು ಏನಾದರೂ ಇರಬೇಕು. ಇದರ ಬದಲು ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಟಾರ್ಚ್ ಪ್ಯಾನೆಲ್ ಎಂಬ ಸೋಂಕು ಪರೀಕ್ಷೆಗಳ ಗುಂಪು. ಅದರಲ್ಲಿ ಐಜಿಜಿ ಪಾಸಿಟಿವ್ ಎಂದರೆ ಎಂದೋ ಸೋಂಕು ಬಂದು ಹೋಗಿ ದೇಹ ಗೆದ್ದಿದೆ ಎಂದಷ್ಟೇ. ಪದೇಪದೇ ಗರ್ಭಪಾತಕ್ಕೆ ಅದು ಕಾರಣವಲ್ಲ. ಆ ಕಾಗದ ಹಿಡಿದು ‘ರಕ್ತದಲ್ಲಿ ಇನ್‌ಫೆಕ್ಷನ್ ಇದೆ’ ಎಂದು ಸೊಸೆಯನ್ನು ತವರಿಗೆ ಕಳಿಸಿದ ಮನೆಗಳಿವೆ.

ಕೊನೆಯ ಮಾತು ಸ್ಕ್ಯಾನಿನದ್ದೇ ಇರಬೇಕು. ಭ್ರೂಣದ ಉದ್ದ 7 ಮಿ.ಮೀ. ಆಗಿಯೂ ಎದೆಬಡಿತವಿಲ್ಲ, ಅಥವಾ ಚೀಲದ ಸರಾಸರಿ ಅಗಲ 25 ಮಿ.ಮೀ. ಆಗಿಯೂ ಭ್ರೂಣವಿಲ್ಲ ಎಂದರೆ ಮಾತ್ರ ಗರ್ಭ ಹೋಗಿದೆ ಎನ್ನಬಹುದು. ಅದಕ್ಕಿಂತ ಕಡಿಮೆ ಇದ್ದರೆ 7ರಿಂದ 14 ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ರಕ್ತದ ಅಂಕಿ ಒಂದನ್ನೇ ನೋಡಿ ಮಾತ್ರೆ ನುಂಗಿಸುವುದಾಗಲಿ, ಕ್ಲೀನ್ ಮಾಡಿಸುವುದಾಗಲಿ ಕೂಡದು.

ಎರಡೂ ಜಿಲ್ಲೆಯ ಲ್ಯಾಬುಗಳಲ್ಲಿ ನಮ್ಮ ಕೇಳಿಕೆ ಇಷ್ಟು. ಎಚ್‌ಸಿಜಿ ವರದಿಯಲ್ಲಿ ರಕ್ತ ತೆಗೆದ ಗಂಟೆ, ಯಂತ್ರದ ಹೆಸರು, ಹಿಂದಿನ ಅಂಕಿ ಮತ್ತು ಏರಿಕೆಯ ಶೇಕಡಾವಾರು ಅಚ್ಚಾಗಲಿ. ಸಿಬಿಸಿಯ ಕೆಳಗೆ ಅನುಪಾತ ಲೆಕ್ಕ ಹಾಕಿ ‘ರಿಸ್ಕ್’ ಎಂದು ಬರೆಯುವ ಹೊಸ ಚಾಳಿ ಬೇಡ. ಆಸ್ಪತ್ರೆಯವರಿಗೂ ಒಂದು ಮಾತಿದೆ. ಪದೇಪದೇ ಕಳೆದುಕೊಂಡವರಲ್ಲಿ ಹೊರಬಂದ ಗರ್ಭದ ತುಣುಕನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸುವುದಾದರೆ ಅದು ಶುದ್ಧ ನಾರ್ಮಲ್ ಸಲೈನಿನಲ್ಲಿ ಹೋಗಬೇಕು. ಫಾರ್ಮಲಿನ್ ಬಾಟಲಿಗೆ ಬಿದ್ದ ತುಣುಕಿನಲ್ಲಿ ಕೋಶ ಬೆಳೆಯುವುದಿಲ್ಲ. ಥಿಯೇಟರಿನಲ್ಲಿ ಕೈಗೆ ಸಿಗುವುದು ಫಾರ್ಮಲಿನ್ ಬಾಟಲಿಯೇ ಆದ್ದರಿಂದ, ಸಲೈನ್ ಬಾಟಲಿಯ ಮೇಲೆ ಹೆಸರು, ತಾರೀಖು ಬರೆದು ಮೊದಲೇ ಟ್ರಾಲಿಯಲ್ಲಿ ಇಟ್ಟಿರಲಿ.

— ಪ್ರಯೋಗಾಲಯ ತಂತ್ರಜ್ಞರು ಮತ್ತು ಪ್ರಸೂತಿ ವೈದ್ಯರ ಬಳಗ, ಮೈಸೂರು